ಹೊಸ ಲ್ಯಾಪ್‌ಟಾಪ್ ಬಂದ ಕೂಡಲೇ ಕೊಳ್ಳಬೇಕಾ, ಸ್ವಲ್ಪ ಕಾಯಬೇಕಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಐದು ವರ್ಷ ಆಯಿತು. ಬ್ಯಾಟರಿ ಒಂದು ಗಂಟೆಯೂ ಬರುವುದಿಲ್ಲ, ಉಳಿದಂತೆ ಪರವಾಗಿಲ್ಲ. ಬರವಣಿಗೆ, ಲೆಕ್ಕಪತ್ರ, ವಿಡಿಯೊ ಕಾಲ್, ಆಗಾಗ ಫೋಟೊ ತಿದ್ದುವುದು, ಇಷ್ಟೇ ನನ್ನ ಕೆಲಸ. ಕಳೆದ ವಾರ ಒಂದು ಹೊಸ ಮಾದರಿ ಬಿಡುಗಡೆಯಾಗಿದೆ. ಹೊಸ ಚಿಪ್, ಮೊದಲಿಗಿಂತ ತೆಳುವಾದ ಮೈ, ಹೊಸ ಬಗೆಯ ಕೀಬೋರ್ಡ್. ನೋಡಿದಾಗಿನಿಂದ ಮನಸ್ಸು ಅಲ್ಲೇ ಇದೆ. ಮಗಳು "ಈಗಲೇ ಬುಕ್ ಮಾಡಮ್ಮ, ಇಯರ್‌ಬಡ್ ಪುಕ್ಕಟೆ ಕೊಡ್ತಾರೆ" ಅನ್ನುತ್ತಾಳೆ. ಸಹೋದ್ಯೋಗಿಯೊಬ್ಬರು "ಆರು ತಿಂಗಳು ಕಾಯಿರಿ, ಬೆಲೆ ಇಳಿಯುತ್ತೆ" ಅನ್ನುತ್ತಾರೆ. ಯಾರ ಮಾತು ಕೇಳಲಿ? ಕಾಯುವುದಾದರೆ ಎಷ್ಟು ದಿನ?

ಉತ್ತರ: ಕಾಯಿರಿ. ಆದರೆ ಬೆಲೆ ಇಳಿಯಲಿ ಅಂತ ಅಲ್ಲ, ಸುದ್ದಿ ಬರಲಿ ಅಂತ. ನಿಮ್ಮ ಸಹೋದ್ಯೋಗಿಯ ಸಲಹೆ ಸರಿ, ಕೊಟ್ಟ ಕಾರಣ ಅಷ್ಟು ಸರಿಯಿಲ್ಲ. ನೀವು ಹೇಳುವ ಮಾದರಿಗೆ ಮೂರರಿಂದ ನಾಲ್ಕು ತಿಂಗಳು ಸಾಕು. ಅಲ್ಲಿಯವರೆಗೆ ಹಳೆಯದಕ್ಕೆ ಒಂದು ಹೊಸ ಬ್ಯಾಟರಿ ಹಾಕಿಸಿ. ಹೇಗೂ ಬಿಡುವ ಲ್ಯಾಪ್‌ಟಾಪ್‌ಗೆ ಖರ್ಚು ಯಾಕೆ ಅನ್ನಿಸಬಹುದು. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ನಾನೂ ಒಮ್ಮೆ ಆತುರಪಟ್ಟು ಕೈ ಸುಟ್ಟುಕೊಂಡವನೇ. ಬಿಡುಗಡೆಯಾದ ವಾರದಲ್ಲೇ ಒಂದು ಲ್ಯಾಪ್‌ಟಾಪ್ ಕೊಂಡೆ. ವಿಮರ್ಶೆಗಳೆಲ್ಲ ಹೊಗಳಿದ್ದವು. ಪರದೆ ಚೆನ್ನಾಗಿತ್ತು, ವೇಗವೂ ಇತ್ತು. ಮೂರನೇ ದಿನ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಎರಡು ಗಂಟೆ ಬಿಟ್ಟು ತೆಗೆದರೆ ಬ್ಯಾಗಿನ ಒಳಗೆಲ್ಲ ಬಿಸಿ. ಲ್ಯಾಪ್‌ಟಾಪ್‌ನ ತಳ ಮುಟ್ಟಲಾಗುತ್ತಿರಲಿಲ್ಲ, ಫ್ಯಾನ್ ಭರ್ರನೆ ತಿರುಗುತ್ತಿತ್ತು, ಬ್ಯಾಟರಿ ಮುಗಿಯಲು ಬಂದಿತ್ತು. ಮುಚ್ಚಳ ಮುಚ್ಚಿದರೂ ಅದು ನಿದ್ದೆ ಮಾಡುತ್ತಿರಲಿಲ್ಲ. ಸಹಾಯವಾಣಿಯವರು "ವಿಂಡೋಸ್ ಮತ್ತೆ ಹಾಕಿ ನೋಡಿ" ಅಂದರು. ಹಾಕಿದೆ. ಏನೂ ಬದಲಾಗಲಿಲ್ಲ. ನಾಲ್ಕು ತಿಂಗಳ ನಂತರ ಒಂದು ಫರ್ಮ್‌ವೇರ್ (ಯಂತ್ರದೊಳಗೇ ಕೂತು ಅದರ ಭಾಗಗಳನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಬಂತು. ಅಲ್ಲಿಗೆ ಕಾಯಿಲೆ ಮಾಯ. ಆ ನಾಲ್ಕು ತಿಂಗಳೂ ನಾನು ಅದನ್ನು ಪ್ರತಿ ಸಲ ಪೂರ್ತಿ ಆಫ್ ಮಾಡಿಯೇ ಬ್ಯಾಗಿಗೆ ಹಾಕುತ್ತಿದ್ದೆ. ಅಪ್‌ಡೇಟ್ ಬಂದ ಮೇಲೆ ಅದೇ ಲ್ಯಾಪ್‌ಟಾಪ್ ಕೊಂಡವರಿಗೆ ಇಂಥದ್ದೊಂದು ತೊಂದರೆ ಇತ್ತು ಅಂತಲೇ ಗೊತ್ತಿಲ್ಲ.

ಇದು ನನ್ನೊಬ್ಬನ ದುರದೃಷ್ಟ ಅಲ್ಲ. ಈಗಿನ ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಅನ್ನುವ ವ್ಯವಸ್ಥೆ ಇರುತ್ತದೆ. ಹಳೆಯ ಕಾಲದ ಲ್ಯಾಪ್‌ಟಾಪ್ ಮಲಗಿದರೆ ಮೆಮೊರಿ ಬಿಟ್ಟು ಮಿಕ್ಕಿದ್ದೆಲ್ಲ ಆರಿಹೋಗುತ್ತಿತ್ತು. ಈಗಿನದು ಫೋನ್ ತರಹ. ಅರೆನಿದ್ದೆಯಲ್ಲಿ ಇರುತ್ತದೆ, ನಡುನಡುವೆ ಎದ್ದು ಸಣ್ಣಪುಟ್ಟ ಕೆಲಸ ಮುಗಿಸಿ ಮತ್ತೆ ಮಲಗುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಚಿಪ್, ವೈಫೈ, ಫೈಲ್‌ಗಳು ಕೂರುವ ಎಸ್‌ಎಸ್‌ಡಿ, ಅವನ್ನು ವಿಂಡೋಸ್ ಜೊತೆ ಮಾತಾಡಿಸುವ ಡ್ರೈವರ್‌ಗಳು, ಫರ್ಮ್‌ವೇರ್ ಎಲ್ಲವೂ ಒಟ್ಟಿಗೆ ಒಪ್ಪಿಕೊಂಡು ಮಲಗಬೇಕು. ಒಬ್ಬ ಎದ್ದು ಕೂತರೂ ಸಾಕು, ಇಡೀ ಮನೆಗೆ ನಿದ್ದೆ ಇಲ್ಲ. ಹೊಸ ಚಿಪ್‌ನ ಮೊದಲ ಲ್ಯಾಪ್‌ಟಾಪ್‌ಗಳಲ್ಲಿ ಈ ಹೊಂದಾಣಿಕೆ ಇನ್ನೂ ಹದಕ್ಕೆ ಬಂದಿರುವುದಿಲ್ಲ.

ಹಾಗಾದರೆ ವಿಮರ್ಶಕರಿಗೆ ಇದು ಯಾಕೆ ಕಾಣುವುದಿಲ್ಲ? ಅವರ ಕೈಗೆ ಸಿಗುವುದು ಒಂದೇ ಒಂದು ಲ್ಯಾಪ್‌ಟಾಪ್, ಅದೂ ಒಂದೆರಡು ವಾರ. ವೇಗ ಅಳೆಯುವ ಬೆಂಚ್‌ಮಾರ್ಕ್ ಓಡಿಸುತ್ತಾರೆ, ಪರದೆಯ ಬೆಳಕು ಅಳೆಯುತ್ತಾರೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ನೋಡುತ್ತಾರೆ. ಬಿಡುಗಡೆಯ ದಿನವೇ ಬರೆಯಬೇಕಾದ ಒತ್ತಡ ಬೇರೆ. ಅವರು ಬರೆದದ್ದು ಸುಳ್ಳಲ್ಲ. ಆದರೆ ಸವೆತ, ಧೂಳು, ಬೆವರು, ಸಾವಿರ ಸಲ ತೆರೆದು ಮುಚ್ಚುವುದು, ಇವಕ್ಕೆಲ್ಲ ಎರಡು ವಾರ ಸಾಲದು.

ಕೀಬೋರ್ಡ್ ಹೊಸ ಬಗೆಯದು ಅಂದಿರಲ್ಲ, ಅದಕ್ಕೇ ಈ ಕತೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2015ರಲ್ಲಿ ಆಪಲ್ 12 ಇಂಚಿನ ಮ್ಯಾಕ್‌ಬುಕ್ ತಂದಿತು. ಅದರಲ್ಲಿ ಬಟರ್‌ಫ್ಲೈ ಅನ್ನುವ ಹೊಸ ಕೀಬೋರ್ಡ್. ಕೀಲಿಯ ಕೆಳಗಿನ ಕತ್ತರಿಯಾಕಾರದ ಆಧಾರ ತೆಗೆದು ಚಿಟ್ಟೆಯ ರೆಕ್ಕೆಯಂಥ ತೆಳ್ಳನೆಯ ಆಧಾರ ಇಟ್ಟಿದ್ದರು. ಲ್ಯಾಪ್‌ಟಾಪ್ ತೆಳ್ಳಗಾಯಿತು, ಕೀಲಿ ಅಲ್ಲಾಡುತ್ತಿರಲಿಲ್ಲ. 2016ರಲ್ಲಿ ಮ್ಯಾಕ್‌ಬುಕ್ ಪ್ರೊಗೂ ಅದೇ ಬಂತು. ಆಮೇಲೆ ನಿಧಾನವಾಗಿ ದೂರುಗಳು ಶುರುವಾದವು. ಒಂದು ಕಣ ಧೂಳು ಹೊಕ್ಕರೆ ಕೀಲಿ ಅಂಟಿಕೊಳ್ಳುತ್ತಿತ್ತು, ಇಲ್ಲವೇ ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿತ್ತು. ಕೀಬೋರ್ಡ್ ಮಾತ್ರ ಬದಲಿಸಲು ಸುಲಭ ದಾರಿ ಇರಲಿಲ್ಲ. ಮೇಲಿನ ಹೊದಿಕೆ ಬ್ಯಾಟರಿ ಸಮೇತ ಒಂದೇ ತುಂಡು. 2018ರ ಜೂನ್‌ನಲ್ಲಿ ಕಂಪನಿ ಉಚಿತ ದುರಸ್ತಿ ಘೋಷಿಸಿತು. 2019ರ ನವೆಂಬರ್‌ನಲ್ಲಿ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬಂದಾಗ ಅದರಲ್ಲಿದ್ದದ್ದು ಮತ್ತೆ ಹಳೆಯ ಕತ್ತರಿ ಆಧಾರ. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು, ಹಣಕ್ಕೆ ಕೊರತೆ ಇಲ್ಲ, ಪ್ರಯೋಗಾಲಯಕ್ಕೆ ಕೊರತೆ ಇಲ್ಲ. ಆದರೂ ಒಂದು ಕೀಲಿ ಸರಿಪಡಿಸಲು ನಾಲ್ಕು ವರ್ಷ. ಕೀಬೋರ್ಡ್, ಮುಚ್ಚಳ ತಿರುಗುವ ಹಿಂಜ್, ಮಡಚುವ ಪರದೆ, ಹೀಗೆ ಓಡಾಡುವ ಭಾಗ ಹೊಸದಾಗಿದ್ದರೆ ನಾನು ಜಾಸ್ತಿ ಅನುಮಾನ ಪಡುತ್ತೇನೆ. ಚಿಪ್ ಹೊಸದಾದರೆ ಅಷ್ಟು ಭಯ ಇಲ್ಲ. ಹಲವು ಸಲ ಚಿಪ್‌ನ ತಪ್ಪನ್ನು ಅಪ್‌ಡೇಟ್ ಕಳಿಸಿ ಸರಿಪಡಿಸಬಹುದು. ಸವೆದ ಹಿಂಜ್‌ಗೆ ಅಪ್‌ಡೇಟ್ ಇಲ್ಲ.

ಎಲ್ಲ ದೋಷಗಳೂ ಇಷ್ಟು ನಿಧಾನ ಅಲ್ಲ. ಕೆಲವು ವಾರದೊಳಗೇ ಬೀದಿಗೆ ಬರುತ್ತವೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್ 2016ರ ಆಗಸ್ಟ್ 19ರಂದು ಮಾರಾಟಕ್ಕೆ ಬಂತು. ಬ್ಯಾಟರಿಗೆ ಬೆಂಕಿ ಹತ್ತಿದ ಸುದ್ದಿಗಳು ಬಂದು ಸೆಪ್ಟೆಂಬರ್ 2ಕ್ಕೆ ಮಾರಾಟ ನಿಂತಿತು. ಬದಲಿಗೆ ಕೊಟ್ಟ ಫೋನ್‌ಗಳಿಗೂ ಬೆಂಕಿ ಹತ್ತಿತು. ಅಕ್ಟೋಬರ್ 11ಕ್ಕೆ ತಯಾರಿಕೆಯನ್ನೇ ನಿಲ್ಲಿಸಿದರು. ಎರಡು ಬೇರೆ ಬೇರೆ ಕಡೆಯಿಂದ ಬಂದ ಬ್ಯಾಟರಿಗಳಲ್ಲಿ ಎರಡು ಬೇರೆ ಬೇರೆ ದೋಷ ಇದ್ದದ್ದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಎರಡೇ ತಿಂಗಳು ಕಾದವರು ಈ ರಗಳೆಯಿಂದ ಪೂರ್ತಿ ಪಾರು.

ಇಂಟೆಲ್‌ನ ಸ್ಯಾಂಡಿ ಬ್ರಿಜ್ ಚಿಪ್‌ಗಳದ್ದೂ ಹೀಗೇ ಆಯಿತು. 2011ರ ಜನವರಿ ಮೊದಲ ಭಾಗದಲ್ಲಿ ಬಂದವು. ಜನವರಿ 31ಕ್ಕೇ ಕಂಪನಿ ಒಪ್ಪಿಕೊಂಡಿತು: ಪ್ರೊಸೆಸರ್ ಜೊತೆ ಕೆಲಸ ಮಾಡುವ ಚಿಪ್‌ಸೆಟ್‌ನಲ್ಲಿ ತಪ್ಪಿದೆ, ಡಿಸ್ಕ್ ಜೋಡಿಸುವ ಕೆಲವು ಸಾಟಾ ಪೋರ್ಟ್‌ಗಳು ಕಾಲ ಕಳೆದಂತೆ ಕೆಡಬಹುದು. ಪ್ರೊಸೆಸರ್ ಸರಿಯಾಗೇ ಇತ್ತು, ಚೆನ್ನಾಗಿಯೂ ಇತ್ತು. ಆದರೂ ತಿಂಗಳಾಗುವ ಮೊದಲೇ ಆ ಚಿಪ್‌ಸೆಟ್ ಕೂತಿದ್ದ ಮದರ್‌ಬೋರ್ಡ್‌ಗಳನ್ನು ವಾಪಸ್ ತರಿಸಬೇಕಾಯಿತು. ಆಗ ಕೊಂಡವರು ಪೆಟ್ಟಿಗೆ ಬಿಚ್ಚಿ ಜೋಡಿಸಿ ಮುಗಿಸುವಷ್ಟರಲ್ಲಿ ಮತ್ತೆ ಬಿಚ್ಚಬೇಕಾಗಿ ಬಂತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಕಾದರೆ ಎಲ್ಲವೂ ತಪ್ಪುತ್ತದೆ ಅನ್ನುವುದು ಸುಳ್ಳು. ಮೈಕ್ರೋಸಾಫ್ಟ್‌ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360 ಬಂದದ್ದು 2005ರ ನವೆಂಬರ್‌ನಲ್ಲಿ. ಕೆಂಪು ದೀಪ ಹತ್ತಿ ಸತ್ತುಹೋಗುವ ಅದರ ರೋಗಕ್ಕೆ ಕಂಪನಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿದ್ದು 2007ರ ಜುಲೈನಲ್ಲಿ. ಅಂದರೆ ಒಂದೂವರೆ ವರ್ಷ ದಾಟಿತ್ತು. ಇಂಟೆಲ್‌ನ 13ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು 2022ರ ಅಕ್ಟೋಬರ್‌ನಲ್ಲಿ ಬಂದವು. ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಅವು ಸವೆಯುತ್ತಿವೆ ಅನ್ನುವುದು ಖಚಿತವಾಗಿ, ಅದನ್ನು ತಡೆಯುವ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳ ಅಪ್‌ಡೇಟ್) ಬಂದದ್ದು 2024ರ ಆಗಸ್ಟ್‌ನಲ್ಲಿ. ಆರು ತಿಂಗಳು ಕಾದವರೂ ಸಿಕ್ಕಿಬಿದ್ದರು, ಒಂದು ವರ್ಷ ಕಾದವರೂ ಸಿಕ್ಕಿಬಿದ್ದರು. ಅವರ ಕೈ ಹಿಡಿದದ್ದು ವಾರಂಟಿ. ಕಂಪನಿ ಅದನ್ನು ಎರಡು ವರ್ಷ ಮುಂದುವರಿಸಿತು. ಅದಕ್ಕೇ ಮೂರು ವರ್ಷದ ವಾರಂಟಿ ಸಿಗುವುದಾದರೆ ಇಯರ್‌ಬಡ್ ಬಿಟ್ಟು ಅದನ್ನು ಕೇಳಿ ಅನ್ನುತ್ತೇನೆ.

ಜನ ಇಲ್ಲಿ ಎರಡು ವಿಷಯ ಕಲಸಿಕೊಳ್ಳುತ್ತಾರೆ. ಒಂದು, ಮಾದರಿಯ ದೋಷ. ಅಂದರೆ ವಿನ್ಯಾಸದಲ್ಲೇ ಇರುವ ತಪ್ಪು. ಅದು ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಇರುತ್ತದೆ. ಇನ್ನೊಂದು, ನಿಮ್ಮ ಕೈಗೆ ಬಂದ ಆ ಒಂದು ಪೆಟ್ಟಿಗೆಯ ದೋಷ. ಬೆಸುಗೆ ಸರಿ ಕೂತಿಲ್ಲ, ಮೆಮೊರಿ ಚಿಪ್ ಒಂದು ಕೆಟ್ಟದ್ದು ಬಂದಿದೆ, ಹೀಗೆ. ಕಾಯುವುದರಿಂದ ಮೊದಲನೆಯದು ತಪ್ಪಬಹುದು. ಎರಡನೆಯದು ನೀವು ಎರಡು ವರ್ಷ ಬಿಟ್ಟು ಕೊಂಡರೂ ಬರಬಹುದು. ಯಂತ್ರಗಳ ಬಾಳಿಕೆ ಲೆಕ್ಕ ಹಾಕುವವರು ಇದನ್ನು ಸ್ನಾನದ ತೊಟ್ಟಿಯ ಆಕಾರದ ಗೆರೆಯಾಗಿ ಬಿಡಿಸುತ್ತಾರೆ. ಮೊದಲ ದಿನಗಳಲ್ಲಿ ಕೆಡುವವು ಜಾಸ್ತಿ, ನಡುವೆ ವರ್ಷಗಟ್ಟಲೆ ಕಡಿಮೆ, ಮುದಿಯಾದ ಮೇಲೆ ಮತ್ತೆ ಜಾಸ್ತಿ. ಆ ಗೆರೆ ಶುರುವಾಗುವುದು ನಿಮ್ಮ ಲ್ಯಾಪ್‌ಟಾಪ್ ಆನ್ ಆದ ದಿನದಿಂದ, ಮಾದರಿ ಬಿಡುಗಡೆಯಾದ ದಿನದಿಂದ ಅಲ್ಲ. ಹಾಗಾಗಿ ಕಾದು ಕೊಂಡವರೂ ಮೊದಲ ವಾರ ಅದನ್ನು ಚೆನ್ನಾಗಿ ದುಡಿಸಿ ನೋಡಲೇಬೇಕು.

ಇನ್ನು ಸಾಫ್ಟ್‌ವೇರ್. ಚಿಪ್‌ನ ಜಾತಿಯೇ ಬದಲಾದಾಗ ಕಾಯುವ ಲಾಭ ದೊಡ್ಡದು. 2020ರ ನವೆಂಬರ್‌ನಲ್ಲಿ ಆಪಲ್ ಎಂ1 ಚಿಪ್‌ನ ಮ್ಯಾಕ್‌ಗಳನ್ನು ತಂದಿತು. ನಿಜ ಹೇಳಬೇಕೆಂದರೆ ಅವು ನಮ್ಮಂಥ ಅನುಮಾನದವರ ಬಾಯಿ ಮುಚ್ಚಿಸಿದವು. ಮೊದಲ ತಲೆಮಾರಾದರೂ ವೇಗ, ಬ್ಯಾಟರಿ ಎರಡೂ ಅದ್ಭುತ. ಹಳೆಯ ಚಿಪ್‌ಗೆ ಬರೆದ ತಂತ್ರಾಂಶಗಳನ್ನು ರೊಸೆಟ್ಟಾ 2 ಅನ್ನುವ ಆಪಲ್‌ನ ಅನುವಾದಕ ತಂತ್ರಾಂಶ ಸಲೀಸಾಗಿ ಓಡಿಸುತ್ತಿತ್ತು. ಆದರೂ ಪ್ರೋಗ್ರಾಮರ್‌ಗಳಿಗೆ ಬೇಕಾದ ಡಾಕರ್‌ನ ಪಕ್ಕಾ ಆವೃತ್ತಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ಬರವಣಿಗೆ ಮಾಡುವವರು ಮೊದಲ ದಿನವೇ ಕೊಂಡರೂ ಏನೂ ಆಗುತ್ತಿರಲಿಲ್ಲ. ಡಾಕರ್ ಬೇಕಾದವರು ಐದು ತಿಂಗಳು ಪರದಾಡಿದರು. ಒಂದೇ ಲ್ಯಾಪ್‌ಟಾಪ್, ಇಬ್ಬರಿಗೆ ಎರಡು ಉತ್ತರ.

ವಿಂಡೋಸ್ ಕಡೆ ಅಂಥದ್ದೇ ಬದಲಾವಣೆ 2024ರ ಜೂನ್ 18ರಂದು ಆಯಿತು. ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್‌ಗಳು ಬಂದವು. ಬ್ಯಾಟರಿ ಚೆನ್ನಾಗಿ ಬರುತ್ತಿತ್ತು. ಆದರೆ ಅದು ಆರ್ಮ್ ಅನ್ನುವ ಬೇರೆ ಜಾತಿಯ ಚಿಪ್, ಆ ಜಾತಿಗೆ ಡ್ರೈವರ್ ಇಲ್ಲದ ಹಳೆಯ ಪ್ರಿಂಟರ್‌ಗಳು ಕೈಕೊಟ್ಟವು. ಕೆಲವು ವಿಪಿಎನ್‌ಗಳು, ಮೋಸ ತಡೆಯುವ ತಂತ್ರಾಂಶ ಇರುವ ಕೆಲವು ಆಟಗಳು ಓಡಲಿಲ್ಲ. ಅಷ್ಟೇ ಅಲ್ಲ, ಆ ಲ್ಯಾಪ್‌ಟಾಪ್‌ಗಳ ದೊಡ್ಡ ಆಕರ್ಷಣೆ ಅಂತ ತೋರಿಸಿದ್ದ ರೀಕಾಲ್ ಸೌಲಭ್ಯವನ್ನು ಬಿಡುಗಡೆಗೆ ಕೆಲವೇ ದಿನ ಮೊದಲು ಹಿಂದೆ ತೆಗೆದುಕೊಂಡರು. ಪರದೆಯ ಮೇಲೆ ಕಂಡದ್ದನ್ನೆಲ್ಲ ಚಿತ್ರವಾಗಿ ಉಳಿಸಿಕೊಳ್ಳುವ ಆ ಸೌಲಭ್ಯದ ಭದ್ರತೆಯ ಬಗ್ಗೆ ಗಲಾಟೆ ಆಗಿತ್ತು. ಅದು ಹೆಚ್ಚಿನವರಿಗೆ ಸಿಗತೊಡಗಿದ್ದು 2025ರ ಏಪ್ರಿಲ್‌ನಲ್ಲಿ. ನಿಮ್ಮ ಹೊಸ ಮಾದರಿಯ ಜಾಹೀರಾತಿನಲ್ಲಿ "ಶೀಘ್ರದಲ್ಲೇ ಬರಲಿದೆ" ಅಂತ ಸಣ್ಣ ಅಕ್ಷರದಲ್ಲಿ ಏನಾದರೂ ಇದೆಯಾ ನೋಡಿ. ಇದ್ದರೆ ಅದು ಇಲ್ಲ ಅಂತಲೇ ಲೆಕ್ಕ ಹಾಕಿ. ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 5ರ ಒಳಗೆ ಹೆಚ್ಚುವರಿ ಎಸ್‌ಎಸ್‌ಡಿ ಹಾಕುವ ಜಾಗ ಮೊದಲ ದಿನದಿಂದಲೇ ಇತ್ತು. 2020ರ ನವೆಂಬರ್‌ನಲ್ಲಿ ಕೊಂಡವರಿಗೆ ಅದನ್ನು ಬಳಸಲು ಆದದ್ದು 2021ರ ಸೆಪ್ಟೆಂಬರ್‌ನಲ್ಲಿ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಇನ್ನೂ ಸ್ವಲ್ಪ ಜಾಸ್ತಿ ಕಾಯುವುದು ಒಳ್ಳೆಯದು. ಹೊಸ ವೈಫೈ ಚಿಪ್‌ಗೆ, ಸ್ಪೀಕರ್‌ಗೆ, ಕ್ಯಾಮೆರಾಕ್ಕೆ ಬೆಂಬಲ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿ, ಅದು ಅವರು ಬಳಸುವ ಆವೃತ್ತಿಗೆ ಇಳಿದು ಬರಲು ತಿಂಗಳುಗಳು ಬೇಕು. ನಿಮಗೆ ಇದು ಬೇಕಿಲ್ಲ, ಬಿಡಿ.

ಹೊಸದು ಅಂದರೆ ಎಷ್ಟು ಹೊಸದು? ಕಾಯುವ ದಿನ ಲೆಕ್ಕ ಹಾಕುವುದು ಇದರ ಮೇಲೆ. ಹೆಸರಿನ ಮುಂದೆ ಹೊಸ ವರ್ಷ ಬರೆದ ಮಾತ್ರಕ್ಕೆ ಅದು ಹೊಸದಾಗುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಗಳು ಒಂದು ಮೈಯನ್ನು ಎರಡು ಮೂರು ವರ್ಷ ಇಟ್ಟುಕೊಳ್ಳುತ್ತವೆ, ಒಳಗಿನ ಚಿಪ್ ಮಾತ್ರ ಬದಲಿಸುತ್ತವೆ. ಅದೇ ಮೈ, ಅದೇ ಕೀಬೋರ್ಡ್, ಹೋದ ವರ್ಷದ ಚಿಪ್‌ನ ತಮ್ಮನಂಥ ಚಿಪ್ ಆದರೆ ಒಂದು ತಿಂಗಳು ಕಾದರೆ ಬೇಕಾದಷ್ಟಾಯಿತು. ನಾನು ನನಗಾಗಿ ಹುಡುಕುವುದು ಇಂಥದ್ದನ್ನೇ, ಒಂದು ಮೈಯ ಎರಡನೇ ವರ್ಷದ ಮಾದರಿಯನ್ನು. ಹಿಂಜ್ ಸಡಿಲ ಅಂತ ಮೊದಲ ವರ್ಷ ಬೈಸಿಕೊಂಡಿದ್ದರೆ ಎರಡನೇ ವರ್ಷಕ್ಕೆ ಗಟ್ಟಿ ಮಾಡಿರುತ್ತಾರೆ. ಗಾಳಿ ಹೋಗುವ ದಾರಿ ಸರಿ ಮಾಡಿರುತ್ತಾರೆ. ಇದನ್ನು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ. ಹೇಳಿದರೆ ಹೋದ ವರ್ಷದ್ದು ಕೆಟ್ಟದ್ದಿತ್ತು ಅಂತ ಒಪ್ಪಿಕೊಂಡ ಹಾಗೆ ಅಲ್ವಾ?

ಸದ್ದಿಲ್ಲದೆ ಆಗುವ ಬದಲಾವಣೆಗಳು ಕೆಲವು ಸಲ ದೊಡ್ಡವೇ ಇರುತ್ತವೆ. ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ನಿಂಟೆಂಡೊ ಸ್ವಿಚ್ ಬಂದದ್ದು 2017ರ ಮಾರ್ಚ್‌ನಲ್ಲಿ. ಕಂಪನಿಯ ಲೆಕ್ಕದಲ್ಲೇ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ. 2019ರ ಆಗಸ್ಟ್‌ನಲ್ಲಿ ಅದೇ ಹೆಸರಿನ, ನೋಡಲು ಅದೇ ತರಹದ ಯಂತ್ರ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರತೊಡಗಿತು. ಒಳಗಿನ ಚಿಪ್ ಬದಲಾಗಿತ್ತು. ಗುರುತು ಹಿಡಿಯಲು ಇದ್ದದ್ದು ಪೆಟ್ಟಿಗೆಯ ಬಣ್ಣ, ಮಾದರಿ ಸಂಖ್ಯೆಯಲ್ಲಿ ಒಂದು ಸಣ್ಣ ವ್ಯತ್ಯಾಸ. ಆದರೆ ಸದ್ದಿಲ್ಲದ ಬದಲಾವಣೆ ಯಾವಾಗಲೂ ಒಳ್ಳೆಯದಕ್ಕೇ ಆಗಬೇಕು ಅಂತಿಲ್ಲ. ಕ್ರೂಶಿಯಲ್ ಪಿ2 ಅನ್ನುವ ಎಸ್‌ಎಸ್‌ಡಿ ಬಿಡುಗಡೆಯಾದಾಗ ಅದರಲ್ಲಿ ಟಿಎಲ್‌ಸಿ ಅನ್ನುವ ವೇಗದ ಬಗೆಯ ಮೆಮೊರಿ ಇತ್ತು, ವಿಮರ್ಶೆಗಳು ಬಂದದ್ದು ಅದಕ್ಕೆ. ಆಮೇಲೆ ಅದೇ ಹೆಸರಿನಲ್ಲಿ ನಿಧಾನವಾದ ಕ್ಯೂಎಲ್‌ಸಿ ಹಾಕಿ ಮಾರಿದರು. ಇಂಥ ಕಡೆ ಮೊದಲು ಕೊಂಡವನೇ ಜಾಣ.

ಈಗ ಬೆಲೆಯ ಮಾತು. ನಿಮ್ಮ ಸಹೋದ್ಯೋಗಿಗೆ ಬೇಕಾದ ಸಾಕ್ಷಿ ಇತಿಹಾಸದಲ್ಲಿದೆ. ಮೊದಲ ಐಫೋನ್ 2007ರ ಜೂನ್ 29ರಂದು 599 ಡಾಲರ್‌ಗೆ ಬಂತು. ಸೆಪ್ಟೆಂಬರ್ 5ಕ್ಕೆ ಅದೇ ಫೋನ್ 399 ಡಾಲರ್ ಆಯಿತು. ಸಾಲು ನಿಂತು ಕೊಂಡವರು ರೇಗಾಡಿದ ಮೇಲೆ ಕಂಪನಿ 100 ಡಾಲರ್‌ನ ಅಂಗಡಿ ಜಮೆ ಕೊಟ್ಟಿತು. ಆದರೆ ಉಲ್ಟಾ ಸಾಕ್ಷಿಯೂ ಇದೆ. 2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಕೆಲವೇ ವಾರಗಳಲ್ಲಿ ಡಿಸ್ಕ್‌ಗಳ ಬೆಲೆ ಗಗನಕ್ಕೇರಿತು. ಕೋವಿಡ್ ಕಾಲದ ಚಿಪ್ ಕೊರತೆಯಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳ ಬೆಲೆಯೂ ಹಾಗೇ ಏರಿತು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಬೆಲೆ ಜಿಗಿಯಿತು. ಬೆಲೆಗಾಗಿ ಕಾಯುವುದು ಮಳೆಗಾಗಿ ಕಾದ ಹಾಗೆ. ಬಂದರೆ ಬಂತು. ಸಾಮಾನ್ಯವಾಗಿ ನಂಬಬಹುದಾದ ಒಂದೇ ಇಳಿಕೆ ಅಂದರೆ ಹೊಸದು ಬಂದಾಗ ಹಳೆಯ ಮಾದರಿಗೆ ಆಗುವ ಇಳಿಕೆ. ಈಗ ನಿಮ್ಮ ಕಣ್ಣಿಗೆ ಬಿದ್ದ ಹೊಸ ಮಾದರಿಯ ಹೋದ ವರ್ಷದ ಅಣ್ಣ ಎಲ್ಲಾದರೂ ಉಳಿದಿದೆಯಾ ಒಮ್ಮೆ ನೋಡಿ. ನೀವು ಹೇಳಿದ ಕೆಲಸಗಳಿಗೆ ಅದು ಧಾರಾಳ ಸಾಕು. ಅದರ ರೋಗಗಳೆಲ್ಲ ಈಗಾಗಲೇ ಗೊತ್ತಾಗಿವೆ, ಬಹುಪಾಲು ಮದ್ದೂ ಸಿಕ್ಕಿರುತ್ತದೆ.

ಹಾಗಂತ ಕಾಯುತ್ತಲೇ ಕೂರಬಾರದು. ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳ, ವರ್ಷದ ನಡುವೆ ತೈಪೆಯ ಕಂಪ್ಯುಟೆಕ್ಸ್ ಮೇಳ. ಎರಡರಲ್ಲೂ ಮುಂದಿನದು ಇನ್ನೂ ಚೆನ್ನ ಅಂತ ತೋರಿಸಿಯೇ ತೋರಿಸುತ್ತಾರೆ. 1983ರಲ್ಲಿ ಆಸ್ಬೋರ್ನ್ ಅನ್ನುವ ಕಂಪ್ಯೂಟರ್ ಕಂಪನಿ ದಿವಾಳಿಯಾಯಿತು. ಮುಂದಿನ ಮಾದರಿಯ ಸುದ್ದಿ ಮುಂಚೆಯೇ ಹಬ್ಬಿ, ಈಗಿನದನ್ನು ಕೊಳ್ಳುವುದನ್ನೇ ಜನ ನಿಲ್ಲಿಸಿದರು ಅನ್ನುವುದು ಜನಪ್ರಿಯ ಕತೆ. ಅದೊಂದೇ ಕಾರಣ ಅಲ್ಲ ಅನ್ನುವವರೂ ಇದ್ದಾರೆ. ಕಂಪನಿ ಮುಳುಗಿದ್ದು ಇರಲಿ, ಕಾದು ಕೂತ ಗ್ರಾಹಕರು ಅಷ್ಟು ದಿನ ಯಾವುದರಲ್ಲಿ ಕೆಲಸ ಮಾಡಿದರು ಅಂತ ನನ್ನ ಕುತೂಹಲ.

ಜಾಸ್ತಿ ಕಾದರೆ ಲೆಕ್ಕಕ್ಕೆ ಸಿಗುವ ನಷ್ಟವೂ ಇದೆ. ಅಪ್‌ಡೇಟ್‌ಗಳ ಗಡಿಯಾರ ಓಡುವುದು ನೀವು ಕೊಂಡ ದಿನದಿಂದ ಅಲ್ಲ. ಕ್ರೋಮ್‌ಬುಕ್‌ಗೆ, ಅಂದರೆ ಗೂಗಲ್ ತಂತ್ರಾಂಶದಿಂದ ನಡೆಯುವ ಲ್ಯಾಪ್‌ಟಾಪ್‌ಗೆ, ಗೂಗಲ್ ಹತ್ತು ವರ್ಷದ ಅಪ್‌ಡೇಟ್ ಅನ್ನುತ್ತದೆ, ಆದರೆ ಅದು ಆ ಪ್ಲಾಟ್‌ಫಾರ್ಮ್ (ಒಳಗಿನ ಮೂಲ ವಿನ್ಯಾಸ) ಬಿಡುಗಡೆಯಾದ ದಿನದಿಂದ. ಪಿಕ್ಸೆಲ್ 8 ಫೋನ್‌ಗೆ ಏಳು ವರ್ಷ, ಅದೂ ಮಾರಾಟ ಶುರುವಾದಾಗಿನಿಂದ. ಎರಡು ವರ್ಷ ಹಳೆಯದನ್ನು ಹೊಸದೆಂದು ಕೊಂಡರೆ ನಿಮ್ಮ ಪಾಲಿಗೆ ಐದೇ ವರ್ಷ. ಇನ್ನೊಂದು, ಲಿಥಿಯಂ ಬ್ಯಾಟರಿ ಬಳಸದಿದ್ದರೂ ಮುದಿಯಾಗುತ್ತದೆ. ಬಿಸಿಯಾದ ಗೋದಾಮಿನಲ್ಲಿ ಒಂದೂವರೆ ವರ್ಷ ಕೂತ ಲ್ಯಾಪ್‌ಟಾಪ್‌ನ ಬ್ಯಾಟರಿ ಪೆಟ್ಟಿಗೆ ಒಡೆಯುವ ಮೊದಲೇ ಸ್ವಲ್ಪ ಸವೆದಿರುತ್ತದೆ.

ಕಾಯುವ ಮೂರು ತಿಂಗಳು ಸುಮ್ನೆ ಕೂರಬೇಡಿ, ಸ್ವಲ್ಪ ಓದಿ. ಬಿಡುಗಡೆ ದಿನದ ವಿಮರ್ಶೆ ಅಲ್ಲ. ಕಂಪನಿಯ ಬೆಂಬಲ ಪುಟದಲ್ಲಿ ಆ ಮಾದರಿಯ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಫರ್ಮ್‌ವೇರ್) ಅಪ್‌ಡೇಟ್‌ಗಳ ಪಟ್ಟಿ ಇರುತ್ತದೆ. ಪ್ರತಿಯೊಂದರ ಕೆಳಗೆ ಏನು ಸರಿಪಡಿಸಿದರು ಅಂತ ಒಂದೆರಡು ಸಾಲು. ಬಹಳ ಜನ ಅದನ್ನು ಓದುವುದೇ ಇಲ್ಲ. ನಾನು ಮೊದಲು ಓದುವುದೇ ಅದನ್ನು. "ನಿದ್ದೆಯಿಂದ ಏಳದ ಸಮಸ್ಯೆ ಸರಿಪಡಿಸಲಾಗಿದೆ" ಅಂತ ಎರಡನೇ ತಿಂಗಳಲ್ಲಿ ಬಂದಿದ್ದರೆ ಸಂತೋಷ. ಅದೇ ಸಾಲು ಮೂರು ಸಲ ಬಂದಿದ್ದರೆ ಇನ್ನೂ ಸರಿಹೋಗಿಲ್ಲ ಅಂತ ಅರ್ಥ. ಏನೂ ಬಂದೇ ಇಲ್ಲ ಅಂದರೆ ಎರಡರಲ್ಲೊಂದು: ದೋಷ ಇಲ್ಲ, ಅಥವಾ ಕೇಳುವವರಿಲ್ಲ. ಯಾವುದು ಅಂತ ತಿಳಿಯಲು ಅದೇ ಕಂಪನಿಯ ಎರಡು ವರ್ಷ ಹಳೆಯ ಮಾದರಿಯ ಪುಟ ತೆಗೆದು ನೋಡಿ. ಅದಕ್ಕೆ ಈಗಲೂ ಅಪ್‌ಡೇಟ್ ಬರುತ್ತಿದ್ದರೆ ಕೇಳುವವರಿದ್ದಾರೆ.

ಕೊಂಡವರ ದೂರುಗಳನ್ನೂ ಓದಿ, ಆದರೆ ಹೆದರಬೇಡಿ. ಸರಿಯಾಗಿ ನಡೆಯುತ್ತಿರುವವರು ಯಾರೂ ಬಂದು ಬರೆಯುವುದಿಲ್ಲ. ದೂರು ಎಷ್ಟಿದೆ ಅನ್ನುವುದಕ್ಕಿಂತ ಒಂದೇ ದೂರು ಬೇರೆ ಬೇರೆಯವರಿಂದ ಬಂದಿದೆಯಾ ನೋಡಿ. ಒಬ್ಬರಿಗೆ ಸ್ಪೀಕರ್, ಒಬ್ಬರಿಗೆ ವೈಫೈ, ಒಬ್ಬರಿಗೆ ಪರದೆ ಅಂದರೆ ಅದು ಮಾಮೂಲು. ಹತ್ತು ಜನಕ್ಕೂ ಎಡಗಡೆಯ ಹಿಂಜ್ ಅಂದರೆ ಅದು ವಿನ್ಯಾಸದ ತಪ್ಪು. ಅಂಥದ್ದು ಸಿಕ್ಕಿದರೆ ಆ ಮಾದರಿ ಬಿಟ್ಟುಬಿಡಿ, ಮತ್ತೆ ಕಾಯಬೇಡಿ.

ಅಪ್‌ಡೇಟ್‌ಗಳಿಗೂ ಇದೇ ಮಾತು. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು. ಕೆಲವರ ಡಾಕ್ಯುಮೆಂಟ್ ಫೋಲ್ಡರ್‌ಗಳಲ್ಲಿದ್ದ ಫೈಲ್‌ಗಳನ್ನೇ ಅಳಿಸಿಹಾಕಿತು. ಕೆಲವೇ ದಿನದಲ್ಲಿ ಹಿಂದೆ ತೆಗೆದುಕೊಂಡು, ಸರಿಪಡಿಸಿ, ನವೆಂಬರ್ 13ಕ್ಕೆ ಮತ್ತೆ ಬಿಟ್ಟರು. ಭದ್ರತೆಯ ಸಣ್ಣ ಅಪ್‌ಡೇಟ್‌ಗಳನ್ನು ತಡಮಾಡಬೇಡಿ. ವರ್ಷಕ್ಕೊಮ್ಮೆ ಬರುವ ದೊಡ್ಡದನ್ನು ಒಂದು ತಿಂಗಳು ಮುಂದೂಡಿದರೆ ಯಾರೂ ಬೈಯುವುದಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಪೂರ್ತಿ ಸತ್ತಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಕೆಲಸ ನಿಂತವರಿಗೆ ಮೂರು ತಿಂಗಳು ಕಾಯಿರಿ ಅನ್ನುವುದು ಸಲಹೆಯಲ್ಲ, ಕುಚೋದ್ಯ. ಅಂಥವರು ಹೋದ ವರ್ಷದ ಮಾದರಿ ಕೊಂಡು ಇವತ್ತೇ ಕೆಲಸಕ್ಕೆ ಕೂರಬೇಕು. ನಿಮ್ಮದು ಹಾಗಲ್ಲ. ಐದು ವರ್ಷದ ಲ್ಯಾಪ್‌ಟಾಪ್, ಬ್ಯಾಟರಿ ಒಂದೇ ದೂರು. ಒಂದು ಎಚ್ಚರಿಕೆ: ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ, ತಳ ಸಮನಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ ಅನುಮಾನಿಸಿ. ಚಾರ್ಜ್ ಮಾಡುವುದು ನಿಲ್ಲಿಸಿ, ನೀವಾಗಿ ಬಿಚ್ಚದೆ ದುರಸ್ತಿಯವರಿಗೆ ಕೊಡಿ.

ಮಗಳಿಗೆ ಹೇಳಿ, ಇಯರ್‌ಬಡ್ ಪುಕ್ಕಟೆ ಕೊಡುವುದು ವಿಮರ್ಶೆಗಳು ಪೂರ್ತಿ ಬರುವ ಮೊದಲೇ ನಿಮ್ಮ ಹಣ ಬರಲಿ ಅಂತ. ಬೇಕಾದರೆ ಆಮೇಲೆ ಇಯರ್‌ಬಡ್ ಬೇರೆಯಾಗಿಯೇ ಕೊಳ್ಳಬಹುದು.

ಮೂರು ನಾಲ್ಕು ತಿಂಗಳ ನಂತರ ಸುದ್ದಿ ಒಳ್ಳೆಯದಿದ್ದರೆ ಕೊಳ್ಳಿ. ವಾಪಸ್ ಕೊಡಲು ಎಷ್ಟು ದಿನ ಅವಕಾಶ ಇದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಪೆಟ್ಟಿಗೆ ಎಸೆಯಬೇಡಿ. ಆ ದಿನಗಳಲ್ಲಿ ಅದನ್ನು ಅಪರೂಪದ ವಸ್ತುವಿನಂತೆ ನೋಡಿಕೊಳ್ಳಬೇಡಿ, ಚೆನ್ನಾಗಿ ದುಡಿಸಿ. ಎಲ್ಲ ಪೋರ್ಟ್‌ಗಳಿಗೂ ಏನಾದರೂ ಚುಚ್ಚಿ ನೋಡಿ. ಒಂದು ಗಂಟೆ ವಿಡಿಯೊ ಕಾಲ್ ಮಾಡಿ, ಫ್ಯಾನ್ ಸದ್ದು ಆ ಕಡೆಯವರಿಗೆ ಕೇಳುತ್ತದಾ ಕೇಳಿ. ಕತ್ತಲಲ್ಲಿ ಪರದೆಯ ಅಂಚಿನಿಂದ ಬೆಳಕು ಸೋರುತ್ತದಾ ನೋಡಿ. ರಾತ್ರಿ ಮಲಗುವಾಗ ಮುಚ್ಚಳ ಮುಚ್ಚಿ ಬ್ಯಾಟರಿ ಎಷ್ಟಿತ್ತು ಬರೆದಿಡಿ, ಬೆಳಿಗ್ಗೆ ಎಷ್ಟಿದೆ ನೋಡಿ. ರಾತ್ರಿಗೆ ನಾಲ್ಕೈದು ಶೇಕಡಾ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮೂವತ್ತು ಇಳಿದರೆ ಅದು ನಿದ್ದೆ ಮಾಡುತ್ತಿಲ್ಲ. ವಾಪಸ್ ಕೊಡಿ.

ಹಳೆಯದಕ್ಕೆ ಹಾಕಿಸಿದ ಬ್ಯಾಟರಿ ಉಪಯೋಗಕ್ಕೆ ಬರುವುದು ಇಲ್ಲೇ. ಹೊಸದು ಬಂದ ದಿನವೇ ಹಳೆಯದನ್ನು ಯಾರಿಗೂ ಕೊಟ್ಟುಬಿಡಬೇಡಿ, ಫೈಲ್‌ಗಳನ್ನೂ ಅಳಿಸಬೇಡಿ. ಕೈಯಲ್ಲಿ ನಡೆಯುವ ಲ್ಯಾಪ್‌ಟಾಪ್ ಒಂದಿದ್ದರೆ ಕೆಟ್ಟದ್ದನ್ನು ವಾಪಸ್ ಕೊಡಲು ಹಿಂಜರಿಕೆ ಆಗುವುದಿಲ್ಲ. ಇಲ್ಲದಿದ್ದರೆ "ಇರಲಿ ಬಿಡು, ಹೇಗೋ ನಡೆಯುತ್ತೆ" ಅಂತ ದಿನ ದೂಡುತ್ತೀರಿ. ಬ್ಯಾಗಿನಲ್ಲಿ ಬಿಸಿಯಾಗುತ್ತಿದ್ದ ಲ್ಯಾಪ್‌ಟಾಪನ್ನು ನಾನು ವಾಪಸ್ ಕೊಡದೆ ಇಟ್ಟುಕೊಂಡದ್ದು ಹಾಗೇ. ಹಳೆಯದನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು.